ನಾನೂರಕ್ಕಿಂತ ಕೆಳಗೆ ಬಿದ್ದರೆ

೧
ಎಲ್ಲಿಂದ ಶುರು ಮಾಡಲಿ? ಷೇರಿನ ಬೆಲೆಯಿಂದ ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ. ಗಂಡ ಹೆಂಡತಿ ಜಗಳ ಅಂದರೆ ಕಿವಿ ನೆಟ್ಟಗಾಗುತ್ತದೆ. ಸರಿ, ಗಂಡ ಹೆಂಡತಿ.

೨
ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ, ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುವುದು. ಅವನು ಮನೆಯಲ್ಲಿ ಕೂತು ಷೇರು ಕೊಳ್ಳುತ್ತಾನೆ, ಮಾರುತ್ತಾನೆ, ಉಳಿದ ಹೊತ್ತಿನಲ್ಲಿ ಟ್ರೇಡರುಗಳ ಮನಸ್ಸನ್ನು ಹದಕ್ಕೆ ತರುವ ಪುಸ್ತಕ ಓದುತ್ತಾನೆ. (ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಅವಳು ಅಂದದ್ದುಂಟು.) ಅವನು ಕೆಂಪು ಗೆರೆ ಎಳೆದ ಸಾಲು ಇದು: ‘ನಷ್ಟ ಎಲ್ಲಿ ನಿಲ್ಲಬೇಕೆಂದು ತಲೆ ತಣ್ಣಗಿರುವಾಗಲೇ ಗೆರೆ ಎಳೆಯಿರಿ. ಅದನ್ನು ಕಾಯಲು ನಿಮ್ಮನ್ನು ನೀವು ನಂಬಬೇಡಿ.’ ಪುಸ್ತಕ ನನ್ನ ಕಲ್ಪನೆ, ಸಾಲೂ ನನ್ನದೇ. ಪಾಪ, ನಂಬಿಬಿಟ್ಟ.

ಅವಳು ಸ್ವಂತ ಅಂಗಡಿಗೆಂದು ಕೂಡಿಟ್ಟ ದುಡ್ಡಿನಲ್ಲಿ ಉಳಿದದ್ದು ಈಗ ಒಂದೇ ಷೇರಿನಲ್ಲಿದೆ. ಷೇರಿನ ಆ್ಯಪ್‌ಗೆ ತನಗೂ ಗೊತ್ತಾಗದಂತೆ ಅವಳ ಕೈಯಿಂದಲೇ ಹೊಸ ಪಾಸ್‌ವರ್ಡ್ ಹಾಕಿಸಿ ಅವನೇ ಹೇಳಿದ್ದ: “ನಾನೂರಕ್ಕಿಂತ ಕೆಳಗೆ ಬಿದ್ರೆ ಮಾರಿಬಿಡು. ನಾನು ಕಾಲಿಗೆ ಬಿದ್ರೂ ಕೇಳಬೇಡ.”

(ಮೂರನೆಯದನ್ನು ಹರಿದೆ. ಅದರಲ್ಲಿ ಬೆಲೆ ಏರಿತು, ಅಂಗಡಿ ತೆರೆಯಿತು, ನನಗೆ ಆಕಳಿಕೆ ಬಂತು.)

೪
ಇವತ್ತು ಮುನ್ನೂರ ತೊಂಬತ್ತೆಂಟು. ಅವನು ಗುಂಡಿ ತಪ್ಪಿಸಿ ಹಾಕಿಕೊಂಡ ಶರ್ಟಿನಲ್ಲೇ ಅವಳ ಅಂಗಡಿಗೆ ಓಡಿ ಬಂದಿದ್ದಾನೆ. ಅಜ್ಜಿಯೊಬ್ಬಳು ಹೊಸ ಕನ್ನಡಕ ಏರಿಸಿ ಗೋಡೆಯ ಅಕ್ಷರ ಓದುತ್ತಿದ್ದಾಳೆ, ಹಾಗಾಗಿ ಅವನು ದನಿ ಎತ್ತುವಂತಿಲ್ಲ.

“ಹತ್ತೇ ನಿಮಿಷ ತಡಿ. ಮೇಲೆ ಬರುತ್ತೆ.”

“ಹೋದ ಸಲಾನೂ ಹೀಗೇ ಅಂದ್ರಿ.”

ಹೋದ ಸಲ, ಇನ್ನೊಂದು ಷೇರಿನಲ್ಲಿ, ಅವಳು ಕರಗಿ ತಡೆದಿದ್ದಳು. ಅರ್ಧ ದುಡ್ಡು ನೀರಿನಲ್ಲಿ ಹೋಮ ಮಾಡಿದಂತಾಯಿತು. ಇದು ಉಳಿದ ಅರ್ಧ. ಅವನು ಕೌಂಟರಿನ ಮರೆಯಲ್ಲಿ ಕುಕ್ಕರಿಸಿ ನಿಜವಾಗಿಯೂ ಅವಳ ಪಾದ ಹಿಡಿದುಕೊಂಡ.

“ಬೀಳ್ತೀನಿ ಅಂತ ನೀವೇ ಹೇಳಿದ್ರಲ್ಲ,” ಅಂದಳು.

೫
ನನ್ನ ಮುಂದೆ ಎರಡು ದಾರಿ. ಅವಳು ಮಾರಿದ ಕೂಡಲೇ ಬೆಲೆ ಐನೂರಕ್ಕೆ ಜಿಗಿಯಬಹುದು, ಇಲ್ಲವೇ ಪಾತಾಳಕ್ಕಿಳಿಯಬಹುದು. ಮೊದಲನೆಯದನ್ನು ನೆನೆದೇ ನನ್ನ ಬಾಯಲ್ಲಿ ನೀರೂರಿತು. ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು.

“ನಿಮಗೆ ಕಥೆ, ನನಗೆ ಸಂಸಾರ. ಏರಿತು ಅಂತ ಬರೆದ್ರೆ ಸಾಯೋವರೆಗೂ ಇವರು ನನ್ನ ಹಂಗಿಸ್ತಾರೆ. ಬಿತ್ತು ಅಂತ ಬರೆದ್ರೆ ನಾನು ಇವರನ್ನ ಆಡಿಕೊಳ್ತೀನಿ. ಎರಡೂ ಬೇಡ.”

ಓದುಗರು ಸುಮ್ಮನೆ ಬಿಡುತ್ತಾರೆಯೇ ಎಂದು ಗೊಣಗಿದೆ. ಗೆರೆ ಎಳೆಯಿರಿ ಅಂತ ಊರಿಗೆಲ್ಲ ಉಪದೇಶ ಮಾಡಿದವರು ನೀವೇ ತಾನೇ ಅಂದಳು. ನಾನು ಪೆನ್ನಿನ ಮುಚ್ಚಳ ಹುಡುಕುವವನಂತೆ ನಟಿಸಿದೆ.

೬
ಮಾರಿದಳು. ತನ್ನ ಫೋನು, ಅವನ ಫೋನು ಎರಡನ್ನೂ ಆರಿಸಿ ಡ್ರಾಯರಿಗೆ ಹಾಕಿ ಬೀಗ ಜಡಿದಳು. ಆಮೇಲೆ ಅಜ್ಜಿಯ ಕನ್ನಡಕ ತೆಗೆದು, ಕಿವಿಗೆ ಸಡಿಲವಾಗಿದ್ದ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸತೊಡಗಿದಳು.

೭
ಮುಗಿಯಿತೇ? ಎಲ್ಲಿ ಮುಗಿಯುತ್ತದೆ! ಅವಳು ಬೆನ್ನು ತಿರುಗಿಸಿದ್ದೇ ತಡ, ಅವನು ಪುಟದ ಅಂಚಿಗೆ ಬಂದು ಪಿಸುಗುಟ್ಟಿದ.

“ಸಾರ್, ನನಗೊಬ್ಬನಿಗೇ ಹೇಳಿ. ಏರ್ತಾ, ಬಿತ್ತಾ?”

ನನಗೆ ಗೊತ್ತು. ಆ ಸಾಲನ್ನು ಬರೆದೂ ಇಟ್ಟಿದ್ದೇನೆ, ಇಗೋ ಇಲ್ಲೇ, ಮೇಲೆ ಅಂಗೈ ಒತ್ತಿ ಕೂತಿದ್ದೇನೆ. ಅವನು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಾನೆ. ಜೊತೆಗೆ ಇನ್ನೊಂದು ಕೈಯೂ ಸೇರಿಕೊಂಡಿದೆ. ಯಾರದೆಂದು ನೋಡಿದರೆ, ನಿಮ್ಮದು.