ತೆಗೆದಷ್ಟೂ ಬಂದ ನೀರು

ಹುಳುಮನೆಯಲ್ಲಿ ಯಾರೂ ನೀರು ಹಾಕದ ಕಡೆ ಒದ್ದೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಲವತ್ತು ವರ್ಷದಿಂದ ಜಂಗಮಕೋಟೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದೇನೆ. ತಾನಾಗಿ ನೀರು ಬಂತೆಂದರೆ ಏನೋ ಕೊಳೆಯುತ್ತಿದೆ, ಹುಳುಗಳಿಗೆ ರೋಗ ಬಂತೆಂದೇ ಲೆಕ್ಕ. ಒದ್ದೆ ಸೊಪ್ಪು ತಂದರೆ ಮಗನಿಗೂ ಬೈಗುಳ, ಸೊಸೆಗೂ ಬೈಗುಳ. ಈ ವೆಂಕಟರಾಮಪ್ಪನ ಬಾಯಿ ಊರಿಗೇ ಗೊತ್ತು.

ಮೊನ್ನೆ ಸೋಮವಾರ ಬೆಳಿಗ್ಗೆ ಐದೂವರೆಗೆ ಮೊಮ್ಮಗಳು ಮೌನಿಕಾ ತಟ್ಟೆಯೊಂದನ್ನು ಹಿಡಿದು ಬಂದಳು. ಎಂಟನೇ ಕ್ಲಾಸಿನ ಹುಡುಗಿ. ತಟ್ಟೆಯಲ್ಲಿ ನೀರು, ನೀರಿನಲ್ಲಿ ಎರಡು ಅರ್ಧ ಆಲೂಗಡ್ಡೆ. ಒಂದು ಹಸಿಯದು, ಒಂದು ಬೇಯಿಸಿದ್ದು. ಎರಡರ ನಡುವೆಯೂ ಗುಳಿ ಕೆರೆದು ಸಕ್ಕರೆ ಹಾಕಿದ್ದಳು.

“ತಾತ, ಸೈನ್ಸ್ ಎಕ್ಸ್‌ಪೆರಿಮೆಂಟು. ಮನೇಲಿಟ್ರೆ ಸಕ್ಕರೆಗೆ ಇರುವೆ ಮುತ್ಕೋತವೆ. ಇಲ್ಲೇ ಇಡ್ತೀನಿ.”

ಅದೂ ನಿಜ. ನಮ್ಮ ಹುಳುಗಳ ಸ್ಟ್ಯಾಂಡಿನ ಕಾಲುಗಳು ನೀರಿನ ಬಟ್ಟಲಲ್ಲಿ ನಿಂತಿರುತ್ತವೆ. ಇರುವೆಯ ಅಪ್ಪನೇ ಬಂದರೂ ಹತ್ತಲಾಗದು.

“ಹೋದ್ಸಾರಿ ಬುಕ್ ನೋಡಿ ಬರ್ಕೊಂಡ್ ಬಂದಿದೀಯ, ಸುಳ್ಳಿ, ಅಂತ ಶುಭಾ ಮಿಸ್ ಎಲ್ಲಾರ ಮುಂದೆ ಅಂದ್ರು ತಾತ. ನಾನು ನಿಜವಾಗ್ಲೂ ಮಾಡಿದ್ದೆ! ಈ ಸಾರಿ ತಟ್ಟೇನೇ ಎತ್ಕೊಂಡ್ಹೋಗಿ ತೋರಿಸ್ತೀನಿ. ಸಕ್ಕರೆ ಮುಟ್ಬೇಡ, ಆಯ್ತಾ?”

“ನಾನ್ಯಾಕಮ್ಮ ಮುಟ್ಲಿ?” ಎಂದೆ. ಅವಳು ಟ್ಯೂಷನ್ನಿಗೆ ಓಡಿದಳು.

ಏಳು ಗಂಟೆಗೆ ನೋಡುತ್ತೇನೆ, ಹಸಿ ಗಡ್ಡೆಯ ಗುಳಿಯಲ್ಲಿ ನೀರು! ಗಡ್ಡೆ ಕೊಳೀತಿದೆ ಅಂದುಕೊಂಡೆ. ಸಕ್ಕರೆ ಮುಟ್ಟುವುದಿಲ್ಲವೆಂದು ಮಾತು ಕೊಟ್ಟಿದ್ದೆನಲ್ಲ, ಬಟ್ಟೆಯ ತುದಿಯಿಂದ ಮೇಲಿನ ನೀರನ್ನಷ್ಟೇ ಹೀರಿ ತೆಗೆದೆ. ಎಂಟಕ್ಕೆ ಮತ್ತೆ ನೀರು. ತೆಗೆದೆ. ಎಂಟೂ ಮುಕ್ಕಾಲಿಗೆ ಮತ್ತೆ! “ಥೂ, ನಿನ್ನ ಮನೆ ಹಾಳಾಗ!” ಎಂದು ಆಲೂಗಡ್ಡೆಗೇ ಬೈದು ಒರೆಸಿದೆ. ಸ್ವಲ್ಪ ಹೊತ್ತಿಗೆ ಪುನಃ ಜಿನುಗಿತು. ಸಿಟ್ಟು ನೆತ್ತಿಗೇರಿತು. ಹುಳುಗಳ ಸೊಪ್ಪಿನ ಹಾಸಿಗೆ ಒಣಗಲೆಂದು ಎರಚುವ ಸುಣ್ಣದ ಪುಡಿ ಕೈಯಲ್ಲೇ ಇತ್ತು, ಒಂದು ಹಿಡಿ ತಟ್ಟೆಯ ಮೇಲೆ ಸುರಿದುಬಿಟ್ಟೆ.

ಒಂಬತ್ತೂಕಾಲಿಗೆ ಯೂನಿಫಾರ್ಮ್ ಹಾಕಿಕೊಂಡು ಬಂದ ಮೌನಿಕಾ ನಿಂತಲ್ಲೇ ಅತ್ತಳು.

“ತಾತ, ಆ ನೀರು ಬರ್ಲಿ ಅಂತಾನೇ ಇಟ್ಟಿದ್ದು! ಹಸೀ ಗಡ್ಡೆ ಜೀವಕೋಶದ ಮೂಲಕ ತಟ್ಟೆ ನೀರು ಸಕ್ಕರೆ ಕಡೆಗೆ ಬರುತ್ತೆ. ಬೇಯ್ಸಿದ್ರಲ್ಲಿ ಜೀವಕೋಶ ಸತ್ತೋಗಿರುತ್ತೆ, ಬರಲ್ಲ. ಈಗೇನ್ ತೋರಿಸ್ಲಿ? ಸುಣ್ಣಾನಾ?”

ಬ್ಯಾಗು ಹೆಗಲಿಗೇರಿಸಿ ಹೊರಟೇಹೋದಳು. ಇನ್ನೊಂದು ಇಡಲು ಹೊತ್ತೂ ಇರಲಿಲ್ಲ. ಮಗು ಮತ್ತೆ ಎಲ್ಲರ ಮುಂದೆ ಸುಳ್ಳಿ ಅನ್ನಿಸಿಕೊಳ್ಳುತ್ತದಲ್ಲ! ತಟ್ಟೆ ಎತ್ತಿಕೊಂಡು ಹಿಂದೆಯೇ ಹೋದೆ.

ಕ್ಲಾಸಿನ ಬಾಗಿಲಲ್ಲಿ ಸುಣ್ಣ ಮೆತ್ತಿದ ಆಲೂಗಡ್ಡೆ ಕಂಡು ಮಕ್ಕಳು ಕಿಸಕ್ಕೆಂದರು. ಮೌನಿಕಾ ತಲೆ ಎತ್ತಲಿಲ್ಲ.

“ಮೇಡಂ, ಇವ್ಳು ಸರಿಯಾಗೇ ಮಾಡಿದ್ಲು. ಕೆಡಿಸಿದ್ದು ನಾನು. ನೀರು ಬಂದಂಗೆಲ್ಲ ಒರೆಸಿದೆ.”

“ಎಷ್ಟು ಸಲ?” ಶುಭಾ ಮಿಸ್ ಕೇಳಿದರು.

“ಮೂರು ಸಲ. ತೆಗೆದಷ್ಟೂ ಬಂತು.”

“ಬೇಯಿಸಿದ್ದನ್ನ?”

ಯೋಚಿಸಿದೆ. “ಅದನ್ನ ಒಂದ್ಸಾರೀನೂ ಒರೆಸ್ಲಿಲ್ಲ. ಅದ್ರಲ್ಲಿ ನೀರೇ ಬರ್ಲಿಲ್ವಲ್ಲ!”

“ಹೀಗಾಗುತ್ತೆ ಅಂತ ಮೌನಿಕಾ ನಿಮಗೆ ಮೊದಲೇ ಹೇಳಿಕೊಟ್ಟಿದ್ಲಾ?”

“ಹೇಳಿದ್ರೆ ಸುಣ್ಣ ಯಾಕ್ರಮ್ಮ ಹಾಕ್ತಿದ್ದೆ?”

ಕ್ಲಾಸೆಲ್ಲ ಹೋ ಎಂದು ನಕ್ಕಿತು. ಮಿಸ್ ಕೂಡ ನಕ್ಕರು. ಆಮೇಲೆ ನಗು ನಿಲ್ಲಿಸಿ, “ಮೌನಿಕಾ, ಹೋದ ಸಲ ನಾನು ಹಾಗನ್ನಬಾರದಿತ್ತು ಕಣಮ್ಮ. ಬಾ, ಬೋರ್ಡ್ ಮೇಲೆ ನೀನೇ ಬರೆದು ಎಲ್ಲರಿಗೂ ಹೇಳು” ಎಂದು ಸೀಮೆಸುಣ್ಣ ಕೊಟ್ಟರು.

ಅವಳು ಎದ್ದು ಬಂದಳು. ಬೋರ್ಡಿನ ಮೇಲೆ ಗೆರೆ ಎಳೆದು ‘ಹಸಿ’, ‘ಬೇಯಿಸಿದ್ದು’ ಎಂದು ಬರೆದು, ನನ್ನ ಕಡೆ ತಿರುಗಿದಳು.

“ತಾತ, ಮೊದಲನೇ ಸಲ ಎಷ್ಟ್ ಗಂಟೆಗೆ ಒರೆಸ್ದೆ?”

“ಏಳಕ್ಕೆ ಕಣಮ್ಮ” ಎಂದೆ, ಅವಳು ‘ಹಸಿ’ಯ ಕೆಳಗೆ ದಪ್ಪಗೆ ಏಳು ಎಂದು ಬರೆದಳು.