ಮುಖ ಆಡಿಸದೆ ಕೂತದ್ದು

ಗುಬ್ಬಿ ಅಮ್ಮನ ಹೊಟ್ಟೆಯಲ್ಲಿದ್ದಾಗಲೇ ಸಂಶೋಧನೆಗೆ ಸೇರಿದವಳು. ಬಸಿರಿನಿಂದ ಹಿಡಿದು ಮಕ್ಕಳು ದೊಡ್ಡವರಾಗುವ ತನಕ ತಾಯಿ-ಮಗು ಇಬ್ಬರನ್ನೂ ಗಮನಿಸುತ್ತ ಹೋಗುವ ಸಂಶೋಧನೆ ಅದು. ಅದಕ್ಕಾಗಿ ಆಸ್ಪತ್ರೆಯಿಂದ ಮನೆಗೆ ಬರುತ್ತಿದ್ದ ಹೆಂಗಸಿಗೆ ಎಲ್ಲರೂ ‘ಪ್ರಶ್ನೆ ಅಕ್ಕ’ ಎಂದೇ ಹೆಸರಿಟ್ಟಿದ್ದರು. ಏನು ತಿಂದಿರಿ, ನಿದ್ದೆ ಬಂತಾ, ಮಗು ಯಾವಾಗ ಮಗುಚಿಕೊಂಡಿತು? “ನಿನ್ನನ್ನ ಸೊಸೆ ಮಾಡ್ಕೊಳ್ಳುವಾಗ ನಾವೂ ಇಷ್ಟು ವಿಚಾರಿಸಿರಲಿಲ್ಲ ಕಣೇ,” ಎಂದು ಅತ್ತೆ ಗುಬ್ಬಿಯ ಅಮ್ಮನನ್ನು ನೋಡಿ ನಗುತ್ತಿದ್ದರು.

ಪ್ರತಿ ಸಲವೂ ಕೊನೆಯ ಪ್ರಶ್ನೆ ಒಂದೇ. ಮನಸ್ಸು ಹೇಗಿದೆ?

“ಚೆನ್ನಾಗಿದೆ,” ಎಂದು ಗುಬ್ಬಿಯ ಅಮ್ಮ ಥಟ್ಟನೆ ಹೇಳಿಬಿಡುತ್ತಿದ್ದಳು. ಮನೆಯಲ್ಲೇ ಹೊಲಿಗೆ ಕೆಲಸ, ಒಳ್ಳೆಯ ಗಂಡ, ಕೈಯಾಸರೆಗೆ ಅತ್ತೆ. ಇಷ್ಟಿದ್ದೂ ಚೆನ್ನಾಗಿಲ್ಲ ಎಂದರೆ ಯಾರು ನಂಬುತ್ತಾರೆ? ಆದರೂ ಎಷ್ಟೋ ಸಲ ಮಿಷನ್ನಿನ ಮುಂದೆ ಕೂತವಳು ಗೋಡೆ ನೋಡುತ್ತ ಇಡೀ ಮಧ್ಯಾಹ್ನ ಕಳೆದುಬಿಡುತ್ತಿದ್ದಳು. ಸುಸ್ತು ಎಂದರು ಮನೆಯವರು. ಇರಬಹುದು ಎಂದುಕೊಂಡಳು. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಹುಣ್ಣು ಬೆನ್ನಿನಲ್ಲಿದ್ದರೆ ಏನು ಮಾಡುವುದು?

ಗುಬ್ಬಿಗೆ ಎರಡು ವರ್ಷ ತುಂಬಿದ ಮೇಲೆ ಆಸ್ಪತ್ರೆಗೆ ಬರಹೇಳಿದರು. ಅತ್ತೆಯೂ ಜೊತೆಗೆ ಬಂದರು. ಕೋಣೆಯಲ್ಲಿ ಚಾಪೆ, ಆಟದ ಸಾಮಾನು, ಗೋಡೆಯ ಮೇಲೊಂದು ಕ್ಯಾಮೆರಾ.

“ಮನೇಲಿ ಆಡೋ ಹಾಗೇ ಆಡಿ,” ಎಂದಳು ಪ್ರಶ್ನೆ ಅಕ್ಕ.

ಮನೆಯಲ್ಲಿ ಹೇಗೆ ಆಡುತ್ತೇನೆ ಎಂಬುದೇ ಗುಬ್ಬಿಯ ಅಮ್ಮನಿಗೆ ಮರೆತುಹೋಯಿತು. ಗೊಂಬೆ ಎತ್ತಿಕೊಂಡರೆ ನಾಟಕ ಅನ್ನಿಸಿತು, ಕೆಳಗಿಟ್ಟರೆ ಕೆಟ್ಟ ತಾಯಿ ಅನ್ನಿಸಿತು.

“ಈಗ ಗಂಟೆ ಹೊಡೀತೀನಿ,” ಎಂದಳು ಪ್ರಶ್ನೆ ಅಕ್ಕ ಸ್ವಲ್ಪ ಹೊತ್ತಿನ ಮೇಲೆ. “ ಇನ್ನೊಂದು ಸಲ ಹೊಡೆಯೋ ತನಕ ಮುಖ ಆಡಿಸ್ಬೇಡಿ. ಮಾತು, ನಗು ಏನೂ ಬೇಡ. ಆಗ ಮಗು ಏನು ಮಾಡುತ್ತೆ ಅಂತ ನೋಡ್ತೀವಿ. ಸ್ವಲ್ಪ ಕಷ್ಟ ಆಗುತ್ತೆ. ಮಕ್ಕಳು ಹಟ ಮಾಡ್ತಾರೆ, ಅಳ್ತಾರೆ. ಜಾಸ್ತಿ ಅತ್ರೆ ನಿಲ್ಲಿಸೋಣ.”

ಗಂಟೆ ಹೊಡೆಯಿತು. ಅಮ್ಮ ಸುಮ್ಮನೆ ಕೂತಳು. ಗುಬ್ಬಿ ತಲೆಯೆತ್ತಿ ಒಮ್ಮೆ ನೋಡಿದಳು. ಹಟವೂ ಇಲ್ಲ, ಅಳುವೂ ಇಲ್ಲ. ಗೊಂಬೆಯನ್ನು ಎತ್ತಿಕೊಂಡು ಮೂಲೆಗೆ ಹೋಗಿ, ಅದರ ಬಾಯಿಯ ಮೇಲೆ ಬೆರಳಿಟ್ಟಳು.

“ಶ್... ಅಮ್ಮಂಗೆ ಸುಸ್ತು.”

ಆಮೇಲೆ ಸದ್ದಾಗದಂತೆ ಒಬ್ಬಳೇ ಆಡತೊಡಗಿದಳು.

ಎರಡನೇ ಗಂಟೆ ಹೊಡೆದ ಮೇಲೆ, ಪಕ್ಕದ ಕೋಣೆಯ ಟೀವಿಯಲ್ಲಿ ಇದನ್ನೆಲ್ಲ ನೋಡುತ್ತಿದ್ದ ಅತ್ತೆ ಹಿಗ್ಗಿ ಹೀರೇಕಾಯಿಯಾಗಿ ಒಳಗೆ ಬಂದರು. “ಎಂಥ ಜಾಣೆ ನೋಡಿ, ಒಂದು ಹನಿ ಕಣ್ಣೀರು ಹಾಕಲಿಲ್ಲ.”

“ಅಳದೇ ಇದ್ದದ್ದು ಒಳ್ಳೇದಾ, ಕೆಟ್ಟದ್ದಾ?” ಎಂದು ಗುಬ್ಬಿಯ ಅಮ್ಮ ಪ್ರಶ್ನೆ ಅಕ್ಕನನ್ನು ಕೇಳಿದಳು.

“ಹಾಗೇನಿಲ್ಲಮ್ಮ. ನೋಡಿದ್ದನ್ನ ಬರ್ಕೋತೀವಿ, ಅಷ್ಟೇ.”

ಅವಳಿಗೆ ತಲೆಬುಡ ತಿಳಿಯಲಿಲ್ಲ. ಕಷ್ಟ ಆಗುತ್ತೆ ಎಂದಿದ್ದರು. ತನಗೆ ಕಷ್ಟವೇ ಆಗಲಿಲ್ಲವಲ್ಲ. ಗುಬ್ಬಿಗೂ ಆಗಲಿಲ್ಲ. ಹೆಮ್ಮೆಪಡಬೇಕೋ ಹೆದರಬೇಕೋ ತೋಚದೆ, ಮಗುವನ್ನು ಎತ್ತಿಕೊಂಡು ಬಾಗಿಲ ತನಕ ಹೋದಳು. ಅಲ್ಲಿ ಗುಬ್ಬಿಯನ್ನು ಅತ್ತೆಯ ಕೈಗೆ ಕೊಟ್ಟು ಒಬ್ಬಳೇ ತಿರುಗಿ ಬಂದಳು.

“ಅಕ್ಕಾ, ಕೊನೇಲಿ ಒಂದು ಪ್ರಶ್ನೆ ಕೇಳ್ತಿದ್ರಲ್ಲ. ಇವತ್ತು ಮರೆತ್ರಿ.”

ಪ್ರಶ್ನೆ ಅಕ್ಕ ಪೆನ್ನು ಕೆಳಗಿಟ್ಟು ಕುರ್ಚಿ ಎಳೆದುಕೊಟ್ಟಳು. “ಮನಸ್ಸು ಹೇಗಿದೆ?”

“ಗೊತ್ತಿಲ್ಲ ಅಕ್ಕ,” ಎಂದಳು ಅವಳು. “ನಂಗಿಂತ ಗುಬ್ಬಿಗೇ ಚೆನ್ನಾಗಿ ಗೊತ್ತು.”