ದೇವರ ಟಗರಿಗೆ ಹಗ್ಗ

ಗುರುವಾರ ನಸುಕಿನಲ್ಲಿ ಸೋಮವ್ವ ದೇವರನ್ನು ಕಟ್ಟಿಹಾಕಿದಳು. ದೇವರನ್ನೇ ಅಂದರೆ ತುಸು ಹೆಚ್ಚಾದೀತು, ಕುಲದೇವರು ಬಿರೋಬನ ಹೆಸರಿಗೆ ಬಿಟ್ಟ ಟಗರನ್ನು. ಆದರೆ ಅವಳ ಮನೆತನದಲ್ಲಿ ಇವೆರಡಕ್ಕೂ ಅಂಥ ಫರಕು ಯಾರೂ ಮಾಡುವುದಿಲ್ಲ. ದೇವರಿಗೆ ಬಿಟ್ಟ ಟಗರಿಗೆ ಹಗ್ಗ ಹಾಕಬಾರದು, ಕೋಲೆತ್ತಬಾರದು. ಅದು ಯಾರ ಹೊಲಕ್ಕೆ ನುಗ್ಗಿದರೂ ಕೈಮುಗಿದು ದಾರಿ ಬಿಡಬೇಕು. ಇಷ್ಟು ಗೊತ್ತಿದ್ದೂ ಅವಳು ಅದಕ್ಕೆ ರೊಟ್ಟಿ ತೋರಿಸುತ್ತ ಅಕ್ಕಲಕೋಟ ರಸ್ತೆಯವರೆಗೆ ನಡೆಸಿಕೊಂಡು ಹೋಗಿ, ಚಾದರದ ಸಾವಕಾರ್ತಿ ಉಮಾಬಾಯಿಯವರ ಗೋದಾಮಿನ ಹಿತ್ತಲಲ್ಲಿ ಕಂಬಕ್ಕೆ ಬಿಗಿದಳು.

"ತಪ್ಪಾತೋ ನಮ್ಮಪ್ಪ. ಇದೊಂದ ದಿನ. ಸಂಜಿಮುಂದ ನಾನ ಬಂದ ಬಿಚ್ಚತೀನಿ," ಎಂದು ಟಗರಿನ ಕಾಲಿಗೆ ಬಿದ್ದಳು. ಟಗರು ಹಗ್ಗ ಜಗ್ಗಿ ನೋಡಿತು. ಹುಟ್ಟಿದಾಗಿನಿಂದ ಕೊರಳಿಗೆ ಏನೂ ಬಿಗಿದು ಗೊತ್ತಿರದ ಪ್ರಾಣಿ ಅದು. ಅವಳ ಮುಖ ನೋಡುತ್ತಲೇ ಇತ್ತು. ಸೋಮವ್ವ ತಿರುಗಿ ನೋಡದೆ ಹೊರಬಿದ್ದಳು.

ಕಾರಣವಿಲ್ಲದೆ ಮಾಡಿದ್ದಲ್ಲ. ಸೊಲ್ಲಾಪುರದ ವಿಮಾನ ನಿಲ್ದಾಣದ ಗೋಡೆಯ ಒಳಗೆ ಅವರ ಬಿರೋಬನ ಕಲ್ಲಿದೆ. ಅವಳ ಗಂಡ ಅಮೋಗಸಿದ್ಧನ ಅಜ್ಜ ನಾಗಣಸೂರಿನಿಂದ ಕುರಿ ಹೊಡೆದುಕೊಂಡು ಬಂದಾಗ ಅಲ್ಲಿ ಬರೀ ಹುಲ್ಲು ಇತ್ತು, ಆ ಹುಲ್ಲಿನಲ್ಲೇ ಹಿಂಡು ತಂಗುತ್ತಿತ್ತು. ಆಮೇಲೆ ಗೋಡೆ ಬಂತು. ದೇವರು ಒಳಗೆ, ಭಕ್ತರು ಹೊರಗೆ. ಅರ್ಜಿ ಬರೆದು, ಆಫೀಸು ಸುತ್ತಿ, ಚಪ್ಪಲಿ ಸವೆಸಿ ಕಡೆಗೊಂದು ಪಾಸು ಸಿಕ್ಕಿತು. ಅಮಾವಾಸ್ಯೆಗೊಮ್ಮೆ ಐದು ಮಂದಿ ಒಳಗೆ ಹೋಗಿ ಭಂಡಾರದ ಅರಿಶಿನ ಹಚ್ಚಿ, ಕಾಯಿ ಒಡೆದು ಅರ್ಧ ತಾಸಿನಲ್ಲಿ ಹೊರಗೆ ಬರಬೇಕು. ಟಗರಿಗೆ ಮಾತ್ರ ಪಾಸು ಬೇಕಿರಲಿಲ್ಲ. ಮಳೆನೀರು ಹರಿಯುವ ನಾಲಾದೊಳಗಿಂದ ತೂರಿ, ಕಲ್ಲಿನ ಬದಿಗೆ ಮಲಗಿ ಮೆಲುಕು ಹಾಕಿ ಬರುತ್ತಿತ್ತು. ವಿಮಾನ ಕಾಗದದ ಮೇಲೆ ಮಾತ್ರ ಹಾರುತ್ತಿದ್ದ ಕಾಲದಲ್ಲಿ ಅದನ್ನು ಕೇಳುವವರೂ ಇರಲಿಲ್ಲ.

ಈಗ ಹಾಗಲ್ಲ. ರನ್‌ವೇ ಉದ್ದವಾಗಿದೆ, ಗಾಜಿನ ಹೊಸ ಕಟ್ಟಡ ಎದ್ದಿದೆ, ಇವತ್ತು ಹನ್ನೊಂದೂವರೆಗೆ ಮುಂಬೈಯಿಂದ ಮೊದಲ ದೊಡ್ಡ ವಿಮಾನ. ಎರಡು ತಿಂಗಳ ಹಿಂದೆ ಟಗರು ಒಳಗೆ ಸಿಕ್ಕಾಗ ನಿಲ್ದಾಣದ ಸಾಹೇಬರು ಅಮೋಗಸಿದ್ಧನನ್ನು ಕರೆಸಿ, ಇನ್ನೊಮ್ಮೆ ನಿಮ್ಮ ಜನಾವರ ಒಳಗೆ ಕಂಡರೆ ಪಾಸು ರದ್ದು ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಟಗರನ್ನು ಕಟ್ಟಿಹಾಕೋಣವೆಂದು ಗಂಡನಿಗೆ ಹೇಳಿದರೆ ಮನೆಯಲ್ಲಿ ರಣರಂಗ. ಹೇಳದಿದ್ದರೆ ದೇವರ ಬಾಗಿಲೇ ಬಂದ್. ಸೋಮವ್ವ ಹೇಳದೆ ಕಟ್ಟಿದಳು. ಗುರುವಾರವಾದ್ದರಿಂದ ಉಮಾಬಾಯಿ ಅಕ್ಕಲಕೋಟಕ್ಕೆ ಸ್ವಾಮಿಗಳ ದರ್ಶನಕ್ಕೆ ಹೋಗಿರುತ್ತಾರೆ, ಸಂಜೆಯವರೆಗೆ ಹಿತ್ತಲಿಗೆ ಯಾರೂ ಬರುವುದಿಲ್ಲ. ಉಣ್ಣೆ ಒಣಹಾಕಲು ಅವಳಿಗೆ ಕೊಟ್ಟ ಕೀಲಿ ಸೆರಗಿನಲ್ಲೇ ಇತ್ತು.

ಹತ್ತು ಗಂಟೆಗೆ ಅಮೋಗಸಿದ್ಧ ಬೆವರು ಸುರಿಸುತ್ತ ಮನೆಗೆ ಬಂದ.

"ಟಗರ ಎಲ್ಲೂ ಇಲ್ಲ. ನಾಲಾದ ಬಾಯಾಗ ಹಿಕ್ಕಿ ಬಿದ್ದಾವ. ಒಳಗ ಹೋಗೈತಿ."

"ನಿನ್ನಿವು ಇರಬೇಕ್ರಿ," ಎಂದಳು ಸೋಮವ್ವ. ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಲಿಲ್ಲ. "ಬರ್ತೈತಿ ಬಿಡ್ರಿ. ಎಲ್ಲಿ ಹೋಗ್ತೈತಿ?"

"ಬರ್ತೈತಿ ಅಂತ ಕುಂದರಾಕ ಆಗ್ತದೇನ? ವಿಮಾನದಾಗ ನೂರಾರು ಮಂದಿ ಇರ್ತಾರ. ಗಾಲಿಗೆ ಅಡ್ಡ ಬಂದ್ರ?" ಅವನು ನೀರು ಸಹ ಕುಡಿಯಲಿಲ್ಲ. "ನಾ ಗೇಟಿಗೆ ಹೋಗಿ ಹೇಳ್ತೀನಿ."

"ಹೇಳಿದ್ರ ಪಾಸ್ ಹೋಗ್ತೈತ್ರಿ!"

"ಹೋದ್ರ ಹೋಗವಲ್ದ್ಯಾಕ. ಮಂದಿ ಜೀವಾ ತಗೊಂಡ ಮ್ಯಾಲ ಆ ಕಲ್ಲಿಗೆ ಯಾವ ಮಾರಿ ತೋರಸಲಿ?"

ಇಷ್ಟು ಹೇಳಿ ಹೊರಟೇಬಿಟ್ಟ. ಈ ಮನುಷ್ಯನ ಸಾಚಾತನಕ್ಕೆ ಮೂವತ್ತು ವರ್ಷ ಹೆಮ್ಮೆಪಟ್ಟವಳು ಆ ಗಳಿಗೆಯಲ್ಲಿ ಅದನ್ನೇ ಶಪಿಸಿದಳು. ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ಹಿಂದೆ ಓಡಿದಳು.

ನಿಲ್ದಾಣದ ಮುಂದಿನ ಹೋಟಗಿ ರಸ್ತೆಯ ತುಂಬ ಜನ. ಗೋಡೆಯ ಮೇಲೆ ಜನ, ಟೆಂಪೋಗಳ ಮೇಲೆ ಜನ. ಡೊಳ್ಳಿನವರು, ಹಾರದವರು, ಮೊಬೈಲು ಎತ್ತಿ ಹಿಡಿದ ಕಾಲೇಜು ಹುಡುಗಿಯರು. ಚಾದರದ ವ್ಯಾಪಾರಿ ಸಾತಲಿಂಗಪ್ಪ, ಅಂದರೆ ಉಮಾಬಾಯಿಯವರ ಯಜಮಾನರು, ಹೊಸ ಕೋಟು ಹಾಕಿಕೊಂಡು ಸತ್ಕಾರ ಸಮಿತಿಯ ಸಾಲಿನಲ್ಲಿ ನಿಂತಿದ್ದರು. "ಇನ್ನ ಮುಂಬೈದ ಗಿರಾಕಿ ಮುಂಜಾನಿ ಬಂದು ಸಂಜಿಗಿ ಮನಿ ಮುಟ್ಟತಾನ," ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. "ಬಂದ ಮ್ಯಾಲ ಹೇಳ್ರಿ ಸಾವಕಾರ್ರ. ಹುಟ್ಟಿದಾಗಿಂದ ಕೇಳಾಕತ್ತೀನಿ, ವಿಮಾನ ಬರ್ತದ ಅಂತ," ಎಂದು ಯಾರೋ ಮುದುಕ ಕಿಚಾಯಿಸಿದ. ಎಲ್ಲರೂ ನಕ್ಕರು. ಸೋಮವ್ವ ಆ ನಗುವಿನ ನಡುವೆಯೇ ಜನರನ್ನು ತಳ್ಳಿಕೊಂಡು ಮುಂದೆ ನುಗ್ಗಿದಳು.

ಅವಳು ಗೇಟು ಮುಟ್ಟುವಷ್ಟರಲ್ಲಿ ಅಮೋಗಸಿದ್ಧ ಹೇಳಿ ಮುಗಿಸಿದ್ದ. ಕನ್ನಡ ಬಲ್ಲ ಪೊಲೀಸ ಸಿದ್ರಾಮ ಅದನ್ನು ಸಾಹೇಬರಿಗೆ ಮರಾಠಿಯಲ್ಲಿ ಹೇಳುತ್ತಿದ್ದ. ಸಾಹೇಬರ ಮುಖ ಕಪ್ಪಿಟ್ಟಿತು. ಜೀಪು ಹೊರಡಿಸಲು ಕೈಯೆತ್ತಿದರು. ವೈರ್‌ಲೆಸ್ಸಿನಲ್ಲಿ ವಿಮಾನ ತಡೆಯುವ ಮಾತು ಶುರುವಾಯಿತು.

ಸೋಮವ್ವ ಇನ್ನು ತಡೆಯಲಿಲ್ಲ.

"ಇಲ್ರಿ ಸಾಹೇಬ್ರ! ಟಗರ ಒಳಗಿಲ್ರಿ. ನಾ ಕಟ್ಟೀನಿ."

ಅಮೋಗಸಿದ್ಧ ತಿರುಗಿದ. "ಏನ ಮಾಡಿದಿ?"

"ಕಟ್ಟೀನ್ರಿ. ನಸಿಕ್ಲೆ. ಉಮಾಬಾಯಿ ಅಕ್ಕಾರ ಹಿತ್ತಲದಾಗ, ಕಂಬಕ್ಕ."

ಅವನು ಅವಳ ಹಿಟ್ಟು ಮೆತ್ತಿದ ಕೈಗಳನ್ನು ನೋಡಿದ, ಅಷ್ಟೇ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಸಾಹೇಬರು ಬೆವರು ಒರೆಸಿಕೊಂಡು, ಗಂಡಹೆಂಡತಿ ಮನೆಯಲ್ಲಿ ಮಾತಾಡಿಕೊಂಡು ಬರಬಾರದೇ ಎಂಬರ್ಥದ ನಾಲ್ಕು ಮಾತು ಸಿಡಿಸಿ ಜೀಪು ನಿಲ್ಲಿಸಿದರು. ವಿಮಾನ ಬರಲಿ ಎಂದು ವೈರ್‌ಲೆಸ್ಸಿಗೆ ಹೇಳಿದರು. ಆಗ ಹನ್ನೊಂದು ಗಂಟೆ ಹತ್ತು ನಿಮಿಷ.

ಸೋಮವ್ವ ಗೇಟಿನ ಬದಿಗೆ ಕುಳಿತಳು. ಪಾಸು ಉಳಿಯಿತು. ಗಂಡನ ಮನಸ್ಸು ಎಂದಾದರೂ ತಿಳಿಯಾದೀತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಉಮಾಬಾಯಿ.

"ಸೋಮವ್ವ, ಇವತ್ತ ಎಂಥಾ ಪುಣ್ಯಾ ಬಂತ ನೋಡವ್ವಾ ನನ್ನ ಪಾಲಿಗಿ! ಸತ್ಕಾರಕ್ಕ ನೀನೂ ಬೇಕು ಅಂತ ನಮ್ಮವರು ನನಗ ಫೋನ್ ಮಾಡಿದ್ರು. ದರ್ಶನಾ ಲಗೂನ ಮುಗಿಸಿ ಹತ್ತಕ್ಕ ಬಂದ್ಬಿಟ್ಟೆ. ಹಿತ್ತಲಾಗ ನಿಮ್ಮ ದೇವರ ಟಗರ ಒದರಾಕತ್ತಿತ್ತು. ಯಾವನೋ ಪಾಪಿ ಕಟ್ಟಿ ಹೋಗ್ಯಾನ! ಕೊಳ್ಳಾಗ ಹಗ್ಗದ ಗಾಯ ಆಗ್ಯದವ್ವಾ. ನಾನ ಕೈಯಾರೆ ಬಿಚ್ಚಿ, ಕುಂಕಮಾ ಹಚ್ಚಿ, ಹೋಳಗಿ ತಿನಿಸಿ ಬಿಟ್ಟೆ."

"ಯಾವಾಗ ಬಿಟ್ರಿ ಅಕ್ಕಾರ?"

"ಆತಲ್ಲ, ಒಂದ ತಾಸ. ಹೋಟಗಿ ರೋಡಿನ ಕಡಿಗೇ ಹೋತು ನೋಡು, ದಾರಿ ಯಾರೂ ತೋರಸಬೇಕಾಗ್ಲಿಲ್ಲ!"

ಒಂದು ತಾಸು. ಟಗರಿಗೆ ಒಂದು ತಾಸು ಬೇಕಾದಷ್ಟಾಯಿತು.

ಸುಮ್ಮನಿರಬಹುದಿತ್ತು. ಗೇಟಿನವರು ಅವಳ ಮಾತು ನಂಬಿದ್ದರು. ಟಗರು ಹೋಗಿದ್ದರೂ ಕಲ್ಲಿನ ಬದಿಗೆ ಮಲಗಿರುತ್ತದೆ, ವಿಮಾನ ತನ್ನ ಪಾಡಿಗೆ ಇಳಿಯುತ್ತದೆ, ಯಾರಿಗೂ ತಿಳಿಯುವುದಿಲ್ಲ. ಹೀಗೆ ಮನಸ್ಸು ಆಸೆ ತೋರಿಸಿತು. ಆದರೆ ಇಷ್ಟು ಜನ, ಡೊಳ್ಳಿನ ಸದ್ದು, ಕೊರಳಿನ ಗಾಯ. ಬೆದರಿದ ಟಗರು ಎತ್ತ ಓಡೀತೆಂದು ಕುರುಬರ ಮನೆಯವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವಳು ಎದ್ದಳು. ಸಿದ್ರಾಮನ ತೋಳು ಹಿಡಿದಳು.

"ಅಣ್ಣಾ, ಟಗರ ಬಿಚ್ಚಿ ಬಿಟ್ಟಾರ. ಒಳಗ ಹೋಗಿರಬೇಕೋ. ವಿಮಾನ ನಿಲ್ಲಸ್ರಿ!"

ಸಿದ್ರಾಮ ತಲೆ ಚಚ್ಚಿಕೊಂಡ. ಸಾಹೇಬರು ಕೆಂಡವಾಗಿ ಒಂದೇ ಪ್ರಶ್ನೆ ಕೇಳಿದರು:

"ಮೇಂಢಾ ಆತ್ ಆಹೆ ಕೀ ಬಾಹೇರ್?"

ಒಳಗೋ ಹೊರಗೋ. ಅಷ್ಟು ಮರಾಠಿ ಅವಳಿಗೂ ಬರುತ್ತಿತ್ತು. "ಒಳಗ್ರಿ," ಎಂದಳು. "ಸುಳ್ಳಾದ್ರ ನನ್ನ ಜೇಲಿಗೆ ಹಾಕ್ರಿ."

ಹೆಂಡತಿಯ ಮೇಲೆ ಒಂದು ಗಳಿಗೆಯ ಹಿಂದಷ್ಟೇ ನಂಬಿಕೆ ಕಳೆದುಕೊಂಡಿದ್ದ ಅಮೋಗಸಿದ್ಧ ಮುಂದೆ ಬಂದು ನಿಂತ. "ಅಕಿ ಹೇಳೂದು ಖರೆ ಐತಿ ಸಾಹೇಬ್ರ. ಅಕಿ ಮಾರಿ ನೋಡಿದ್ರ ನನಗ ತಿಳೀತೈತಿ."

ಸಾಹೇಬರು ಮತ್ತೆ ವೈರ್‌ಲೆಸ್ಸಿಗೆ ಕೈ ಹಾಕುವಾಗ ವಿಮಾನ ಆಗಲೇ ಕಾಣುತ್ತಿತ್ತು. ಜನ ಕೂಗಿದರು, ಡೊಳ್ಳು ಬಿದ್ದವು. ಅದು ಇಳಿಯುತ್ತ ಇಳಿಯುತ್ತ ಬಂದು, ಇನ್ನೇನು ಮುಟ್ಟಿತು ಎನ್ನುವಾಗ ಮೂತಿ ಎತ್ತಿ ಮೇಲಕ್ಕೆ ಹೋಯಿತು. "ಹೋತಲ್ಲೋ! ಇಳೀಲೇ ಇಲ್ಲ," ಎಂದು ಯಾರೋ ಅಂದರು. ಸಾತಲಿಂಗಪ್ಪನವರ ಕೈಯಲ್ಲಿದ್ದ ಹಾರ ಕೈಯಲ್ಲೇ ಉಳಿಯಿತು.

ಜೀಪು ಗಂಡಹೆಂಡತಿಯನ್ನು ಹತ್ತಿಸಿಕೊಂಡು ಒಳಗೆ ಓಡಿತು. ಟಗರು ರನ್‌ವೇಯ ಅಂಚಿನಲ್ಲೇ ನಿಂತಿತ್ತು, ಹಣೆಯಲ್ಲಿ ಉಮಾಬಾಯಿಯವರ ಕುಂಕುಮ. ನಿಲ್ದಾಣದ ಆಳುಗಳು ಸುತ್ತುವರಿದರೆ ಅಷ್ಟು ದೂರ ಓಡಿ ಮತ್ತೆ ಕಪ್ಪು ಡಾಂಬರಿನ ಮೇಲೆ ನಿಲ್ಲುತ್ತಿತ್ತು. ವಿಮಾನ ಇನ್ನು ಇಪ್ಪತ್ತು ನಿಮಿಷ ಸುತ್ತುತ್ತದೆ, ಆಗಲಿಲ್ಲವೆಂದರೆ ಮುಂಬೈಗೆ ವಾಪಸು, ಅಷ್ಟರೊಳಗೆ ಹಿಡಿಯದಿದ್ದರೆ ತಮ್ಮವರು ಕೋಲು ತೆಗೆದುಕೊಳ್ಳುತ್ತಾರೆ ಎಂದು ಸಾಹೇಬರು ಸಿದ್ರಾಮನಿಂದ ಹೇಳಿಸಿದರು.

ತಬ್ಬಲಿ ಮರಿಯಾಗಿದ್ದಾಗ ಅದಕ್ಕೆ ಬಾಟಲಿ ಹಾಲು ಕುಡಿಸಿ ಬೆಳೆಸಿದವಳು ಸೋಮವ್ವ. ಅವಳು ಕರೆದರೆ ಎಲ್ಲಿದ್ದರೂ ಬರುತ್ತಿತ್ತು. "ಬಾ ನನ್ನಪ್ಪ, ಬಾ ಬಾ," ಎನ್ನುತ್ತ ಸೆರಗು ಚಾಚಿ ಹೋದಳು. ಟಗರು ಅವಳನ್ನು ಗುರುತಿಸಿತು. ಗುರುತಿಸಿದ್ದರಿಂದಲೇ ಹಿಂದೆ ಸರಿಯಿತು. ಅವಳು ಇನ್ನೆರಡು ಹೆಜ್ಜೆ ಇಟ್ಟಳು, ಅದು ನಾಲ್ಕು ಹೆಜ್ಜೆ ದೂರವಾಯಿತು. ಅವಳು ಅಲ್ಲೇ ಕುಕ್ಕರಿಸಿ ಅಳತೊಡಗಿದಳು. ಮೇಲೆ ವಿಮಾನದ ಸದ್ದು ಹತ್ತಿರ ಬಂದು ದೂರ ಹೋಯಿತು.

ಅಮೋಗಸಿದ್ಧ ತಲೆಯ ರುಮಾಲು ಬಿಚ್ಚಿದ. ಬರಿದಲೆಯಲ್ಲಿ ಡಾಂಬರಿನ ಮೇಲೆ ಅಡ್ಡಬಿದ್ದು ಟಗರಿಗೆ ನಮಸ್ಕಾರ ಮಾಡಿದ. ಎದ್ದು ಸುಮ್ಮನೆ ನಿಂತ. ಎಂದೂ ಅದರ ಮೈಮೇಲೆ ಕೈ ಮಾಡದ ಮನುಷ್ಯ ಅವನು. ಟಗರು ನಂಬಿತು. ತಾನೇ ನಡೆದು ಬಂದು ಅವನ ಮೊಳಕಾಲಿಗೆ ಕೋಡು ತಿಕ್ಕಿತು. ಅವನು ರುಮಾಲನ್ನು ಅದರ ಕೊರಳಿಗೆ ಸುತ್ತಿ ಗಂಟು ಬಿಗಿದ. ಬಿಗಿಯುವಾಗ ಅವನ ಮುಖವನ್ನು ನೋಡಲಾರದೆ ಸೋಮವ್ವ ಕಣ್ಣು ಮುಚ್ಚಿಕೊಂಡಳು.

ಹನ್ನೊಂದು ಐವತ್ತೈದಕ್ಕೆ ವಿಮಾನ ಇಳಿಯಿತು. ಗೋಡೆಯಾಚೆ ಊರಿಗೆ ಊರೇ ಕುಣಿಯಿತು. ಗೇಟಿನಲ್ಲಿ ಸಾಹೇಬರು ಕೈ ಚಾಚಿದರು. ಈ ಸಲ ಸಿದ್ರಾಮ ಏನನ್ನೂ ಕನ್ನಡಕ್ಕೆ ತರಬೇಕಾಗಲಿಲ್ಲ. ಅಮೋಗಸಿದ್ಧ ಅಂಗಿಯ ಒಳಜೇಬಿನಿಂದ ಪಾಸು ತೆಗೆದು, ಎರಡೂ ಕೈಯಿಂದ ಕೊಟ್ಟ.

ರಸ್ತೆಯಲ್ಲಿ ಯಾರೂ ಅವರನ್ನು ನೋಡಲಿಲ್ಲ. ಎಲ್ಲರ ಕಣ್ಣು ಗಾಜಿನ ಕಟ್ಟಡದ ಕಡೆಗಿತ್ತು. ಸೋಮವ್ವ ನಾಲ್ಕು ಮಾರು ಹಿಂದೆ ನಡೆಯುತ್ತಿದ್ದಳು, ಮನೆಗೆ ಕರೆದುಕೊಳ್ಳುತ್ತಾನೋ ತವರಿಗೆ ಹೋಗು ಅನ್ನುತ್ತಾನೋ ತಿಳಿಯದೆ. ಅವನು ನಿಂತ. ರುಮಾಲಿನ ತುದಿಯನ್ನು ಅವಳತ್ತ ನೀಡಿದ.

"ಹಿಡಿ."

"ಒಲ್ಲೆರಿ. ಮುಂಜಾನಿ ಇದ ಕೈಲೇ ಕಟ್ಟೀನಿ."

"ಅದಕ ಹಿಡಿ ಅಂದೆ. ಈಗ ನಾನೂ ಕಟ್ಟೀನಲ್ಲ. ಒಬ್ಬಾಕಿಗೆ ಯಾಕ ಅಷ್ಟ ಪಾಪ?"

ಅವಳು ಹಿಡಿದಳು. ಅವನು ಟಗರಿನ ಕೋಡಿನ ಮೇಲೆ ಕೈಯಿಟ್ಟ. ಇಬ್ಬರೂ ಮನೆಯ ದಾರಿ ಹಿಡಿದರು.